ಹಗ್ಗ ಮತ್ತು ಹುರುಳಿ ಚೀಲ: ಟ್ರೈಪಾಡ್ ಬದಲು ವರ್ಷಗಟ್ಟಲೆ ಬಳಸಿದ ಮೇಲೆ

ಹಳೆಯ ದೇವಸ್ಥಾನಗಳ ಫೋಟೊ ತೆಗೆಯುವವರಿಗೆ ಈ ಕಷ್ಟ ಗೊತ್ತು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ (ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡ್) ನಿಲ್ಲಿಸಲು ಮೊದಲೇ ಅನುಮತಿ ಬೇಕು. ಬೇಲೂರು ದೇವಸ್ಥಾನದ ನವರಂಗದಲ್ಲೋ, ಅಂದರೆ ಕಂಬಗಳ ಒಳಮಂಟಪದಲ್ಲಿ, ಬೆಳಕು ತೀರಾ ಕಡಿಮೆ, ಕೈ ಅಲುಗಿದರೆ ಫೋಟೊ ಮಸುಕು. ಹಾಗಾಗಿ ಮನೆಯಲ್ಲೇ ಮಾಡಿಕೊಂಡ ಎರಡು ಸಾಧನಗಳನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ.

ಮೊದಲನೆಯದು ಹಗ್ಗ. ಕ್ಯಾಮೆರಾ ಅಡಿಯ ತೂತಿಗೆ ಬೋಲ್ಟ್ ಹಾಕಿ, ಅದಕ್ಕೆ ಹುರಿ ಕಟ್ಟಿ, ಇನ್ನೊಂದು ತುದಿಯನ್ನು ಮೆಟ್ಟಿಕೊಂಡು ಕ್ಯಾಮೆರಾವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಬೇಕು. ಬೋಲ್ಟ್ ಮಾತ್ರ ನೋಡಿ ತಗೊಳ್ಳಿ. ಬೇಕಾದದ್ದು ಕಾಲಿಂಚಿನದು, ಇಂಚಿಗೆ 20 ಥ್ರೆಡ್. 6 ಎಂಎಂ ಬೋಲ್ಟ್ ನೋಡಲು ಹಾಗೇ ಇರುತ್ತದೆ, ಆದರೆ ಬಲವಂತವಾಗಿ ತಿರುಗಿಸಿದರೆ ಕ್ಯಾಮೆರಾದ ಥ್ರೆಡ್ಡೇ ಹಾಳು. ತೂತು ಆಳವಿರುವುದಿಲ್ಲ, ಬೋಲ್ಟ್ ಜಾಸ್ತಿ ಒಳಗೆ ಹೋಗದಂತೆ ಒಂದು ನಟ್ಟು ಬಿಗಿಯಿರಿ. ನೈಲಾನ್ ಹಗ್ಗ ಹಿಗ್ಗುತ್ತದೆ, ಹತ್ತಿಯದೇ ವಾಸಿ. 50 ಎಂಎಂ ಲೆನ್ಸಿಗೆ ಬರಿಗೈಯಲ್ಲಿ 1/60 ಸೆಕೆಂಡ್ ಶಟರ್ ವೇಗ (ಶಟರ್ ತೆರೆದಿರುವ ಹೊತ್ತು) ಬೇಕಾದ ಕಡೆ ಇದರಲ್ಲಿ 1/15ಕ್ಕೆ ಇಳಿಯಬಹುದು. ಅದಕ್ಕಿಂತ ಕೆಳಗೆ ನಂಬಬೇಡಿ. ಮೇಲೆ ಕೆಳಗಿನ ಅಲುಗಾಟ ನಿಲ್ಲುತ್ತದೆ, ಅಕ್ಕಪಕ್ಕದ್ದು ಉಳಿಯುತ್ತದೆ.

ನನ್ನ ಮೆಚ್ಚಿನದು ಚೀಲ. ಹಳೆ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಂದು ಕಡೆ ಹೊಲಿದು, ಇನ್ನೊಂದು ಕಡೆ ಜಿಪ್ ಹಾಕಿಸಿದ್ದೇನೆ. ಒಳಗೆ ಹುರುಳಿ. ರಾಗಿ ಹೊಲಿಗೆಯಲ್ಲಿ ಸೋರುತ್ತದೆ. ಥರ್ಮೋಕೋಲ್ ಗುಂಡುಗಳಿಗೆ ತೂಕವೇ ಇಲ್ಲ. ಮರಳಂತೂ ಬೇಡವೇ ಬೇಡ, ಒಂದು ಕಣ ಲೆನ್ಸಿನ ರಿಂಗಿಗೆ ಸಿಕ್ಕಿದರೂ ಕೆಟ್ಟಿತು. ಮುಕ್ಕಾಲು ಭಾಗ ಮಾತ್ರ ತುಂಬಿಸಿ. ಪೂರ್ತಿ ತುಂಬಿದರೆ ಕ್ಯಾಮೆರಾ ಕೂರುವುದಿಲ್ಲ, ಜಾರುತ್ತದೆ.

ಬೇಲೂರಿನ ನಡು ಛಾವಣಿಯ ಭುವನೇಶ್ವರಿಯ, ಅಂದರೆ ಒಳಗಿನ ಕೆತ್ತನೆಯ ಗುಮ್ಮಟದ, ಫೋಟೊಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ಕಾವಲಿನವರನ್ನು ಕೇಳಿ, ಜನ ಇಲ್ಲದ ಹೊತ್ತು ನೋಡಿ, ನೆಲದ ಮೇಲೆ ಚೀಲ ಇಟ್ಟು ಲೆನ್ಸನ್ನು ನೇರ ಮೇಲಕ್ಕೆ ಮಾಡಿ. 2 ಸೆಕೆಂಡ್ ಟೈಮರ್ ಹಾಕಿ ಕೈ ಬಿಡಿ. ಒಂದು ಸೆಕೆಂಡ್ ಎಕ್ಸ್‌ಪೋಷರ್‌ನಲ್ಲೂ ಕೆತ್ತನೆಯ ಅಂಚು ಅಂಚೂ ಸ್ಪಷ್ಟವಾಗಿ ಬರುತ್ತದೆ. ನಾಗರಹೊಳೆಯಂಥ ಕಾಡಿನಲ್ಲಿ ಜೀಪಿನ ಕಂಬಿಯ ಮೇಲೆ ಹಾಕಿದರೆ ದೊಡ್ಡ ಲೆನ್ಸಿನ ಭಾರವನ್ನೂ ಅದೇ ಹೊರುತ್ತದೆ. ಎಂಜಿನ್ ಆಫ್ ಆಗಿರಬೇಕು, ಅಷ್ಟೇ.

ಕೊರತೆ ಇಲ್ಲದಿಲ್ಲ. ಚೀಲ ಇಡಲು ಏನಾದರೂ ಆಸರೆ ಬೇಕೇ ಬೇಕು, ಬಯಲಲ್ಲಿ ನಿಂತ ಎತ್ತರಕ್ಕೆ ಅದು ಉಪಯೋಗವಿಲ್ಲ. ಮಳೆಗಾಲದಲ್ಲಿ ಕಾಳಿಗೆ ಹುಳು ಬೀಳುತ್ತದೆ. ಆಗಾಗ ಬಿಸಿಲಿಗೆ ಹಾಕಿ, ವರ್ಷಕ್ಕೊಮ್ಮೆ ಕಾಳು ಬದಲಿಸಿ. ದೂರದ ಊರಿಗೆ ಹೋಗುವಾಗ ನಾನು ಖಾಲಿ ಚೀಲ ಮಡಚಿ ಇಟ್ಟುಕೊಳ್ಳುತ್ತೇನೆ. ಅಲ್ಲಿನ ದಿನಸಿ ಅಂಗಡಿಯಲ್ಲಿ ಒಂದು ಕೆಜಿ ಹುರುಳಿ ಸಿಕ್ಕೇ ಸಿಗುತ್ತದೆ ಅಲ್ವಾ?