ಟೆಲಿ-ಮಾನಸ್ 14416: ದಾವಣಗೆರೆ ಕಡೆಯವರಿಗೆ ಎಷ್ಟು ಉಪಯೋಗ?

ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆ ಮನಸ್ಸಿನ ಕಾಯಿಲೆ ಎಷ್ಟೋ ಸಲ ಗ್ಯಾಸ್ ಟ್ರಬಲ್ ಅಂತಲೇ ಓಡಾಡುತ್ತದೆ. ಎದೆ ಢವಢವ, ಬೆವರು, ಕೈಕಾಲು ಜುಮ್ಮೆನ್ನುವುದು, ಈಗಲೇ ಪ್ರಾಣ ಹೋಯಿತೆಂಬ ಭಯ. ಮೊದಲ ಸಲವಾದರೆ ಇಸಿಜಿ ಮಾಡಿಸಲೇಬೇಕು, ಅದರಲ್ಲಿ ತಪ್ಪಿಲ್ಲ. ರಿಪೋರ್ಟ್ ನಾರ್ಮಲ್ ಬಂದ ಮೇಲೂ ಗ್ಯಾಸ್ ಮಾತ್ರೆಯನ್ನೇ ನುಂಗುತ್ತಾ ಕೂರುವುದು ತಪ್ಪು. ಅದು ಪ್ಯಾನಿಕ್ ಅಟ್ಯಾಕ್, ಅಂದರೆ ತಟ್ಟನೆ ಎರಗುವ ವಿಪರೀತ ಭಯ, ಇರಬಹುದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ತಾನೇ ಇಳಿಯುತ್ತದೆ. ಬದುಕು ಕೆಡಿಸುವುದು ಆಮೇಲಿನ ಅಂಜಿಕೆ: ಬಸ್ ಹತ್ತಲು ಹೆದರಿಕೆ, ಸಂತೆಗೆ ಹೋಗಲು ಹೆದರಿಕೆ.

ಇಂಥ ಹೊತ್ತಿಗೆ ಇರುವುದು ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಮಾನಸಿಕ ಆರೋಗ್ಯದ ಫೋನ್ ಸಹಾಯವಾಣಿ, ಮುಖ್ಯ ಹೊಣೆ ಬೆಂಗಳೂರಿನ ನಿಮ್ಹಾನ್ಸ್‌ನದು. 14416 ಅಥವಾ 1800-891-4416, ದಿನದ 24 ಗಂಟೆ, ಕರೆ ಉಚಿತ. ಕನ್ನಡ ಆರಿಸಿಕೊಂಡರೆ ಮೊದಲು ಮಾತಾಡುವವರು ತರಬೇತಿ ಪಡೆದ ಕೌನ್ಸೆಲರ್. ಅಗತ್ಯ ಕಂಡರೆ ತಜ್ಞರಿಗೆ ದಾಟಿಸುತ್ತಾರೆ.

ಕರೆಯಿಂದ ಎಷ್ಟು ದಕ್ಕುತ್ತದೆ ಎಂಬುದು ಹೇಳುವ ರೀತಿಯ ಮೇಲಿದೆ. "ತುಂಬಾ ಟೆನ್ಶನ್ ಸಾರ್" ಎಂದರೆ ಏನೂ ತಿಳಿಯುವುದಿಲ್ಲ. "ಮೂರು ವಾರದಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗ್ತದೆ, ಅರ್ಧ ಮುದ್ದೆ ಸೇರಲ್ಲ, ಅಂಗಡಿ ಲೆಕ್ಕ ಮೂರು ಸಲ ಕೂಡಿದ್ರೂ ತಪ್ತದೆ" ಎನ್ನಿ. ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಊಟ, ಗಮನ ಕೆಡುವುದು ಎರಡು ವಾರ ದಾಟಿದರೆ ಖಿನ್ನತೆಯ ಅನುಮಾನ ಬರಬೇಕು. ಹಿಂದೆ ಎಂದಾದರೂ ದಿನಗಟ್ಟಲೆ ನಿದ್ದೆಯಿಲ್ಲದೆಯೂ ಮೈತುಂಬ ಹುರುಪು, ಕೈಮೀರಿದ ಖರ್ಚು, ನಿಲ್ಲದ ಮಾತು ಇದ್ದರೆ ಅದನ್ನೂ ಹೇಳಿ. ಅದು ಬೈಪೋಲಾರ್ ಇರಬಹುದು, ಅಂದರೆ ಖಿನ್ನತೆಯೂ ಇಂಥ ಅತಿ ಹುರುಪೂ (ಉನ್ಮಾದ) ಬಂದುಹೋಗುವ ಕಾಯಿಲೆ. ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು. ರೋಗಿಗೆ ಆ ಹುರುಪು ಕಾಯಿಲೆ ಅನ್ನಿಸಿರುವುದಿಲ್ಲ, ಆದ್ದರಿಂದ ಮನೆಯವರೇ ಬಾಯಿಬಿಡಬೇಕು.

ಟೆಲಿ-ಮಾನಸ್‌ಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ಒಂದು ಕಳೆದದ್ದು ಫೋನಿನ ಮಿತಿಗೆ. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಇದೇ ಸುಸ್ತು, ಇದೇ ಮಂಕು; ಅದಕ್ಕೆ ರಕ್ತ ಪರೀಕ್ಷೆಯೇ ಆಗಬೇಕು. ದಾವಣಗೆರೆಯಲ್ಲಾದರೆ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ತಾಲ್ಲೂಕಿನವರಿಗೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮನೋರೋಗ ಕ್ಲಿನಿಕ್. ಹೊರಡುವ ಮುನ್ನ ತಜ್ಞರು ಬರುವ ದಿನ ವಿಚಾರಿಸಿಕೊಳ್ಳಿ.

ಚಿಕಿತ್ಸೆ ಹಳ್ಳ ಹಿಡಿಯುವುದು ಮಾತ್ರೆಯ ವಿಷಯದಲ್ಲಿ. ಎಸ್ಸಿಟಾಲೋಪ್ರಾಮ್, ಸರ್ಟ್ರಾಲೀನ್‌ನಂಥ ಖಿನ್ನತೆಯ ಮಾತ್ರೆಗಳು ಮೊದಲ ವಾರ ವಾಕರಿಕೆ, ತಲೆನೋವು ತರಬಹುದು, ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಜನ ಹತ್ತನೇ ದಿನಕ್ಕೇ "ಹಿಡಿಸಲಿಲ್ಲ" ಎಂದು ಬಿಡುತ್ತಾರೆ. ಆತಂಕ ತಗ್ಗಿಸುವ ಅಲ್ಪ್ರಾಜೋಲಾಮ್ ಅರ್ಧ-ಒಂದು ಗಂಟೆಯಲ್ಲೇ ಹಾಯೆನಿಸುತ್ತದೆ, ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತಂದು ನುಂಗುತ್ತಾರೆ. ಚಟ ಹತ್ತುವುದು ಅದೇ. ಎರಡನ್ನೂ ತಟ್ಟನೆ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಇಳಿಸುತ್ತಾ ಬರಬೇಕು.

ಸಾಯುವ ಮಾತು ಬಂದರೆ ಬೈಯದೆ ನೇರವಾಗಿ ಕೇಳಿ, ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ತಂದ ಕೀಟನಾಶಕದ ಡಬ್ಬಿ ಅವತ್ತೇ ಮನೆಯಿಂದಾಚೆ ಹೋಗಲಿ. ಆಗಲೇ ಕುಡಿದಿದ್ದರೆ 14416 ಅಲ್ಲ, 108 ಆಂಬುಲೆನ್ಸ್. ವಾಂತಿ ಮಾಡಿಸಲು ಹೋಗದೆ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.