ಎಂದಿರನ್ ಮತ್ತೆ ನೋಡ್ದೆ, ಚಿಟ್ಟಿ ಇನ್ನೂ ಕಾಡ್ತಾನೆ

ರಜನಿಯ ಈ ತಮಿಳು ಸಿನಿಮಾ 2010ರಲ್ಲಿ ಬಂದಾಗ ಥಿಯೇಟರ್‌ನಲ್ಲಿ ಶಿಳ್ಳೆ ಗಲಾಟೆಲಿ ಅರ್ಧ ಡೈಲಾಗೇ ಕೇಳಿಸಿರ್ಲಿಲ್ಲ, ನಿನ್ನೆ ರಾತ್ರಿ ಮನೇಲಿ ಆರಾಮಾಗಿ ಕೂತು ನೋಡ್ದೆ. ಶಂಕರ್ ಡೈರೆಕ್ಷನ್, ರೆಹಮಾನ್ ಮ್ಯೂಸಿಕ್, ಎಲ್ಲಾ ಗೊತ್ತಿರೋದೇ ಬಿಡಿ. ನಂಗೆ ಹಿಡಿಸಿದ್ದು ಬೆಂಕಿ ಬಿದ್ದ ಬಿಲ್ಡಿಂಗ್ ಸೀನು. ಸ್ನಾನ ಮಾಡ್ತಿದ್ದ ಹುಡುಗೀನ ರೋಬೋ ಚಿಟ್ಟಿ ಹಾಗೇ ಎತ್ಕೊಂಡು ಬಂದು ಎಲ್ರ ಮುಂದೆ ನಿಲ್ಲಿಸ್ತಾನೆ, ಜೀವ ಉಳಿಸಿದೀನಲ್ಲ ಅನ್ನೋ ಲೆಕ್ಕ ಅವಂದು, ಆ ಹುಡುಗಿ ನಾಚಿಕೆ ತಡೀಲಾರ್ದೆ ಓಡಿ ಹೋಗಿ ಗಾಡಿಗೆ ಸಿಕ್ಕಿ ಸತ್ತೇ ಹೋಗ್ತಾಳೆ. ಮಾನ ಅಂದ್ರೇನು ಅಂತ ಮಷೀನಿಗೆ ಯಾರು ಹೇಳ್ಕೊಡ್ಬೇಕು? ಅದಾದ್ಮೇಲೇ ಚಿಟ್ಟಿನ ಮಾಡಿದ ವಿಜ್ಞಾನಿ ವಸೀಗರನ್ ಅವನಿಗೆ ಭಾವನೆ ಕಲಿಸೋಕೆ ಹೊರಡೋದು, ಅದು ಸೀದಾ ವಸೀಗರನ್ ಹುಡುಗಿ ಸನಾ ಮೇಲಿನ ಲವ್ವಿಗೆ ಹೋಗಿ ನಿಲ್ಲತ್ತೆ.

ಸೊಳ್ಳೆ ಜೊತೆ ಮಾತಾಡೋ ಸೀನು ಮಕ್ಕಳಿಗೆ ಓಕೆ, ನಂಗೆ ಸಾಕಾಯ್ತು. ಹಾಡುಗಳೂ ಜಾಸ್ತಿ ಆಯ್ತು ಅನ್ನಿಸ್ತು. ಕ್ಲೈಮ್ಯಾಕ್ಸಲ್ಲಿ ನೂರಾರು ಚಿಟ್ಟಿಗಳು ಸೇರಿ ಉಂಡೆ ಆಗೋದು, ಹಾವಾಗೋದು ಈಗ ಸ್ವಲ್ಪ ವಿಡಿಯೋ ಗೇಮ್ ಥರ ಕಾಣ್ಸುತ್ತೆ. ಆದ್ರೆ ವಿಲನ್ ಆದ್ಮೇಲೆ ಚಿಟ್ಟಿ ಪಾತ್ರದ ರಜನಿ ಕುರಿ ಥರ "ಮ್ಮೇ..." ಅಂತಾರಲ್ಲ, ಅದಕ್ಕೇ ಕೊಟ್ಟ ದುಡ್ಡು ವಸೂಲು. ಕೊನೇಲಿ ಚಿಟ್ಟಿ ಕೈಕಾಲು ತಾನೇ ಒಂದೊಂದಾಗಿ ಕಳಚಿಡ್ತಾನೆ ನೋಡಿ, ನಮ್ಮಮ್ಮ ಕಣ್ಣೊರೆಸ್ಕೊಂಡ್ರು.