ರೋಡ್ಸ್ ಅಥವಾ ಕಾರ್ಫು: ಮಕ್ಕಳೊಂದಿಗೆ ಯಾವುದು?

ಗ್ರೀಸಿನ ಈ ಎರಡೂ ದ್ವೀಪಗಳ ಹಳೆಯ ಪಟ್ಟಣಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿವೆ: ರೋಡ್ಸ್ 1988ರಲ್ಲಿ, ಕಾರ್ಫು 2007ರಲ್ಲಿ ಸೇರಿತು. ಕೋಟೆಯ ಹುಚ್ಚಿರುವ ಮಕ್ಕಳಿಗೆ ರೋಡ್ಸೇ ಸರಿ. ಸುಮಾರು 4 ಕಿ.ಮೀ. ಗೋಡೆ, ಒಣ ಕಂದಕದೊಳಗೇ ನಡೆಯಬಹುದು. ಆದರೆ ಬೀದಿಗಳಿಗೆ ಉರುಟು ಕಲ್ಲು ಹಾಸಿದ್ದಾರೆ. ತಳ್ಳುಗಾಡಿಯ ಸಣ್ಣ ಚಕ್ರ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವುದೇ ವಾಸಿ. ಸುಮಾರು 50 ಕಿ.ಮೀ. ದೂರದ ಲಿಂಡೋಸ್ ಊರಿಗೆ ಬೆಳಗಿನ ಬಸ್ಸಿಗೇ ಹೊರಡಿ. ಅಲ್ಲಿನ ಅಕ್ರೊಪೊಲಿಸ್ (ಗುಡ್ಡದ ಮೇಲಿನ ಪುರಾತನ ಕೋಟೆ) ಹತ್ತುವ ದಾರಿಯಲ್ಲಿ ನೆರಳು ಕಡಿಮೆ, ಜುಲೈ ಮಧ್ಯಾಹ್ನ ಕಲ್ಲೆಲ್ಲ ಕಾದ ಹೆಂಚು.

ಕಾರ್ಫು ಹಸಿರು. ಹಳೆಯ ಪಟ್ಟಣದ ಲಿಸ್ಟನ್ ಎಂಬ ಕಮಾನು ಸಾಲಿನ ಎದುರಿನ ಸ್ಪಿಯನಾಡಾ ಮೈದಾನದಲ್ಲಿ ಮಕ್ಕಳು ಓಡಾಡಬಹುದು (ಅಲ್ಲಿ ಕ್ರಿಕೆಟ್ಟೂ ಆಡಿದ್ದಾರೆ!). ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. ಆದರೆ ದಸರಾ ರಜೆಗೆ ಹೋಗುವುದಾದರೆ ರೋಡ್ಸೇ ಸರಿ: ಅಕ್ಟೋಬರಿನಲ್ಲಿ ಕಾರ್ಫುಗೆ ಮಳೆ ಹಿಡಿಯುತ್ತದೆ, ರೋಡ್ಸ್ ಸಮುದ್ರ ಇನ್ನೂ ಬೆಚ್ಚಗಿರುತ್ತದೆ.